ಸರಿಜೆಮ್ ಟಾಂಟೆಯ ತಮ್ಮನ ಸಾವಿರದ ದಿನ

ತೀರಿಹೋದ ತಮ್ಮನ ಹೆಸರಿನಲ್ಲಿ ಇಡುವ ಊಟಕ್ಕೆಂದು ನಮ್ಮ ಮೇಲಿನ ಮನೆಯ ಸರಿಜೆಮ್ ಟಾಂಟೆ ಮುನ್ನೂರು ಕ್ಲೆಪೊನ್ ಉಂಡೆ ಕಟ್ಟುತ್ತಿದ್ದ ಮಧ್ಯಾಹ್ನ, ಆ ತಮ್ಮನೇ ಫೋನ್ ಮಾಡಿದ. ಫೋನ್ ಎತ್ತಿದವಳು ನಾನು. ಅದಾಗಿ ವರ್ಷದ ಮೇಲಾಯಿತು. ಈಗಲೂ ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಟಾಂಟೆ ಎಂದರೆ ಡಚ್ ಮಾತಿನಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲವೂ. ನೆದರ್ಲ್ಯಾಂಡ್ಸಿನ ಗ್ರೋನಿಂಗನ್ ಊರಿನ ದಕ್ಷಿಣದ ಅಂಚಿನಲ್ಲಿರುವ ಹಳೆಯ ಇಟ್ಟಿಗೆ ಕಟ್ಟಡದಲ್ಲಿ ನಾನೂ ನನ್ನ ಗಂಡ ಇಮಾದ್‌ನೂ ಎರಡನೇ ಮಹಡಿಯಲ್ಲಿದ್ದೇವೆ, ಅವರು ಮೂರನೆಯದರಲ್ಲಿ. ನಾನು ಹಾಲಿನ ಪುಡಿ ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬಂದ ಮೊದಲ ಎಂಟು ತಿಂಗಳು ಮೆಟ್ಟಿಲ ಮೇಲೆ ಎದುರಾದಾಗ ತಲೆ ಆಡಿಸುವುದಷ್ಟೇ ನಮ್ಮ ಪರಿಚಯವಾಗಿತ್ತು. ಗಿಡ್ಡ ದೇಹ, ಕತ್ತರಿಸಿದ ಬಿಳಿ ಕೂದಲು, ಚಳಿಗಾಲದಲ್ಲೂ ಕಾಲ್ಚೀಲವಿಲ್ಲದ ಚಪ್ಪಲಿ. ಇಂಡೋನೇಷ್ಯಾದವರಿರಬೇಕು ಅಂದುಕೊಂಡಿದ್ದೆ.

ನಮ್ಮನ್ನು ಹತ್ತಿರ ತಂದದ್ದು ಒಂದು ಕೆಟ್ಟ ತೆಂಗಿನಕಾಯಿ. ಏಷ್ಯಾದ ಸಾಮಾನು ಮಾರುವ ಅಂಗಡಿಗೆ ಇಲ್ಲಿ ಟೋಕೊ ಅನ್ನುತ್ತಾರೆ. ಒಂದು ಶನಿವಾರ ಅಲ್ಲಿ ಟಾಂಟೆ ಕಾಯೊಂದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ನನಗೆ ಸುಮ್ಮನಿರಲಾಗಲಿಲ್ಲ. ನಾನು ತಿಪಟೂರಿನವಳು, ಅಪ್ಪ ಮಹಬೂಬ್ ಸಾಬರು ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ದುಡಿದವರು; ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೇನಿದೆ ಎಂದು ಹೇಳುವುದನ್ನು ನಾನು ಓದು ಬರಹಕ್ಕಿಂತ ಮೊದಲು ಕಲಿತಿದ್ದೆ. ಟಾಂಟೆಯ ಕೈಯಿಂದ ಕಾಯಿ ತೆಗೆದು, ಕಣ್ಣಿನ ಜಾಗ ಮೂಸಿ, ಇದು ಬೇಡ, ಒಳಗೆ ಕೊಳೆತಿದೆ ಅಂದೆ. ರಾಶಿ ತಡಕಿ ನಾಲ್ಕು ಒಳ್ಳೆಯದನ್ನು ಆರಿಸಿಕೊಟ್ಟೆ. ಅವರು ಅವನ್ನು ಬುಟ್ಟಿಗೆ ಹಾಕಿಕೊಂಡು ಹೋದರು. ಆ ಸಂಜೆ ಬಾಗಿಲು ಬಡಿದು ಒಂದು ತಟ್ಟೆ ಕೊಟ್ಟರು. ಬಿಳಿ ಕಾಯಿತುರಿಯಲ್ಲಿ ಹೊರಳಾಡಿಸಿದ ಹಸಿರು ಉಂಡೆಗಳು, ನೆಲ್ಲಿಕಾಯಿ ಗಾತ್ರದವು.

"ಅರ್ಧ ಕಚ್ಚಬೇಡ. ಪೂರ್ತಿ ಬಾಯಿಗೆ ಹಾಕ್ಕೊಂಡು ತುಟಿ ಮುಚ್ಚು," ಅಂದರು.

ಇಮಾದ್ ಆ ಮಾತು ಕೇಳಿಸಿಕೊಳ್ಳದೆ ಅರ್ಧ ಕಚ್ಚಿದ. ಒಳಗಿದ್ದ ಬೆಲ್ಲದ ಪಾಕ ಚಿಮ್ಮಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು. ನಾನು ತುಟಿ ಮುಚ್ಚಿ ಜಗಿದೆ. ಅಕ್ಕಿಹಿಟ್ಟಿನ ಮೆತ್ತನೆ, ಕಾಯಿಯ ತಣ್ಣನೆಯ ಉಪ್ಪು, ಆಮೇಲೆ ಒಮ್ಮೆಲೇ ಬೆಲ್ಲ. ನಮ್ಮೂರಿನ ಸಿಹಿ ಕಡುಬನ್ನು ಯಾರೋ ಚಿಕ್ಕದು ಮಾಡಿ ಕೈಗೆ ಕೊಟ್ಟ ಹಾಗಿತ್ತು. ಹದಿನೈದು ದಿನಕ್ಕೊಮ್ಮೆ ಕಾಯಿ ಆರಿಸಿಕೊಡುವುದು ಅಂದಿನಿಂದ ನನ್ನ ಕೆಲಸವಾಯಿತು. ಊರಿನಿಂದ ಅಮ್ಮ ಕಳಿಸಿದ್ದ ತುರಿಯುವ ಮಣೆ ಅವರ ಅಡುಗೆಮನೆಯಲ್ಲೇ ಉಳಿದುಬಿಟ್ಟಿತು.

ಈ ಕ್ಲೆಪೊನ್ ಇಂಡೋನೇಷ್ಯಾದ ಜಾವಾ ದ್ವೀಪದ ಸಂತೆಯ ತಿಂಡಿ. ನೆದರ್ಲ್ಯಾಂಡ್ಸಿನಲ್ಲಿ ಅದನ್ನು ಅರಿಯದವರು ಕಡಿಮೆ. ಟೋಕೊಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆರಾರು ಉಂಡೆ ಇಟ್ಟು ಮಾರುತ್ತಾರೆ, ಡಚ್ಚರು ಹುಟ್ಟುಹಬ್ಬಕ್ಕೆ ಒಯ್ಯುತ್ತಾರೆ. ಅಂಗಡಿಯದು ಟಾಂಟೆಗೆ ಸೇರುತ್ತಿರಲಿಲ್ಲ. ಅದರಲ್ಲಿ ಒಣ ಕಾಯಿ, ಹಸಿರು ಬಣ್ಣ, ಗಟ್ಟಿ ಸಕ್ಕರೆ ಎಂದು ಮೂಗು ಮುರಿಯುತ್ತಿದ್ದರು. ಅವರದಕ್ಕೆ ಹಸಿ ಕಾಯಿ, ಪರಿಮಳದ ಪಾಂಡಾನ್ ಎಲೆಯ ಹಸಿರು ರಸ, ಕಪ್ಪು ತೆಂಗಿನ ಬೆಲ್ಲವೇ ಆಗಬೇಕು. ಗ್ರೋನಿಂಗನ್ನಿನಲ್ಲೂ ಪಕ್ಕದ ಹೋಗೆಜಾಂಡ್ ಊರಿನಲ್ಲೂ ಇರುವ ಜಾವಾ ಮೂಲದ ಮನೆಗಳಲ್ಲಿ ಮದುವೆ, ಮಗುವಿನ ನಾಮಕರಣ, ಈದ್, ಏನೇ ಇರಲಿ, ಸರಿಜೆಮ್ ಕೈಯ ಕ್ಲೆಪೊನ್ ಬರಲೇಬೇಕಿತ್ತು.

ಆದರೆ ಟಾಂಟೆ ಜಾವಾವನ್ನು ಕಣ್ಣಿನಿಂದ ನೋಡಿದವರೇ ಅಲ್ಲ. ಹುಟ್ಟಿದ್ದು 1950ರಲ್ಲಿ, ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ, ಕಬ್ಬಿನ ತೋಟದ ಕೂಲಿ ಲೈನಿನಲ್ಲಿ. ಡಚ್ಚರ ಆಳ್ವಿಕೆಯಲ್ಲಿ ಅವರ ಅಜ್ಜ ಅಜ್ಜಿಯನ್ನು ಐದು ವರ್ಷದ ಕರಾರಿನ ಮೇಲೆ ಜಾವಾದಿಂದ ಹಡಗಿನಲ್ಲಿ ಕೂರಿಸಿ ಅಲ್ಲಿಗೆ ಒಯ್ದಿದ್ದರು. ಅವರು ಮತ್ತೆ ತಿರುಗಿ ಹೋಗಲಿಲ್ಲ. ಜಾವಾದಿಂದ ಮೆಕ್ಕಾದ ಕಾಬಾ ಪಶ್ಚಿಮಕ್ಕೆ, ಸುರಿನಾಮಿನಿಂದ ಪೂರ್ವಕ್ಕೆ. ಸುರಿನಾಮಿಗೆ ಹೋದ ಮೇಲೂ ಅಜ್ಜ ಸಾಯುವವರೆಗೆ ಪಶ್ಚಿಮಕ್ಕೇ ತಿರುಗಿ ನಮಾಜು ಮಾಡುತ್ತಿದ್ದರಂತೆ. ಇದನ್ನು ಕೇಳಿ ಇಮಾದ್‌ಗೆ ಎರಡು ದಿನ ಸಮಾಧಾನವಿರಲಿಲ್ಲ.

ಸುರಿನಾಮ್ ಸ್ವತಂತ್ರವಾದ 1975ರಲ್ಲಿ ಟಾಂಟೆ ಗಂಡನ ಜೊತೆ ನೆದರ್ಲ್ಯಾಂಡ್ಸಿಗೆ ಬಂದರು. ಇಪ್ಪತ್ತೇಳು ವರ್ಷ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಒಗೆದು ಮಡಿಸಿದರು. ಒಬ್ಬಳೇ ಮಗಳು, ಮಾರ್ಲೆನ್. ಊರಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಟಾಂಟೆ ಅಮ್ಮನನ್ನೂ ಇಲ್ಲಿಗೆ ಕರೆಸಿಕೊಂಡರು. ತಮ್ಮ ವಾಗಿಮನ್ ಮಾತ್ರ ಬರಲೊಪ್ಪಲಿಲ್ಲ. ಟಾಂಟೆಗಿಂತ ಆರು ವರ್ಷ ಚಿಕ್ಕವನು, ಮದುವೆಯಾಗಿರಲಿಲ್ಲ, ತನ್ನದೇ ಒಂದು ಲಾರಿ ಇತ್ತು. ಲಾರಿ ಬಿಟ್ಟು ಬಂದು ಆ ಚಳಿಯಲ್ಲಿ ಏನು ಮಾಡಲಿ ಎಂದು ಕಾಗದ ಬರೆದಿದ್ದ.

ಸುರಿನಾಮಿನ ಕಾಡುಸೀಮೆಯಲ್ಲಿ ಆಗ ಸೈನ್ಯಕ್ಕೂ ಬಂಡುಕೋರರಿಗೂ ಕಾದಾಟ ನಡೆದಿತ್ತು. 1987ರ ಏಪ್ರಿಲ್‌ನಲ್ಲಿ ವಾಗಿಮನ್ ಅಕ್ಕಿ ಎಣ್ಣೆ ತುಂಬಿಕೊಂಡು ಪೂರ್ವದ ಕಡೆ ಹೊರಟ. ಜೊತೆಗೆ ಪಕ್ಕದ ಮನೆಯ ಗೆಳೆಯ ಪೈಮಿನ್ ಇದ್ದ. ಮೂರು ದಿನದ ಮೇಲೆ ಲಾರಿ ಸಿಕ್ಕಿತು, ಗಾಜೆಲ್ಲ ಒಡೆದು ಹೋಗಿತ್ತು. ಒಳಗೆ ಪೈಮಿನ್‌ನ ಹೆಣವಿತ್ತು. ವಾಗಿಮನ್‌ನದು ಒಂದು ಚಪ್ಪಲಿ ಮಾತ್ರ ಸಿಕ್ಕಿತು. ಕೊಂದು ಹೊಳೆಗೆ ಎಸೆದಿರಬೇಕು ಎಂದು ಎಲ್ಲರೂ ಅಂದುಕೊಂಡರು.

ಜಾವಾದವರಲ್ಲಿ ಸತ್ತವರ ಹೆಸರಿನಲ್ಲಿ ಮೂರನೇ ದಿನ, ಏಳನೇ ದಿನ, ನಲವತ್ತು, ನೂರು, ಕೊನೆಗೆ ಸಾವಿರದ ದಿನ ನೆರೆಹೊರೆಯವರನ್ನು ಕರೆದು ಪ್ರಾರ್ಥನೆ ಮಾಡಿಸಿ ಊಟ ಹಂಚುತ್ತಾರೆ. ನಮ್ಮಲ್ಲೂ ಮೂರರ ಜಿಯಾರತ್, ನಲವತ್ತರ ಫಾತೆಹಾ ಇದೆ. ಸಾವಿರದ್ದು ನನಗೆ ಹೊಸದು. ಅದು ಮುಗಿದರೆ ಸತ್ತವರು ಪೂರ್ತಿ ಬಿಡುಗಡೆಯಾದರು, ಮನೆಯವರ ಕೆಲಸ ಮುಗಿಯಿತು ಎಂದು ಲೆಕ್ಕ. ಪೈಮಿನ್‌ಗೆ ಎಲ್ಲವೂ ಆಯಿತು. ವಾಗಿಮನ್‌ಗೆ ಒಂದೂ ಆಗಲಿಲ್ಲ. ಹೆಣ ನೋಡದೆ ಮಗನಿಗೆ ಎಡೆ ಇಡುವುದಿಲ್ಲ ಎಂದು ತಾಯಿ ಹಟ ಹಿಡಿದರು. ಗ್ರೋನಿಂಗನ್ನಿನ ಈ ಮನೆಯಲ್ಲಿ ಹದಿನೇಳು ವರ್ಷ, ಬಾಗಿಲ ಗಂಟೆ ಸದ್ದಾದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದರಂತೆ. 2004ರಲ್ಲಿ ಹಾಗೇ ಹೋದರು.

2024ರ ಬೇಸಿಗೆಯಲ್ಲಿ ಡಾಕ್ಟರು ಟಾಂಟೆಯ ಹೃದಯದ ಕವಾಟ ಸರಿಯಿಲ್ಲ ಎಂದರು. ಮನೆಗೆ ಬಂದವರೇ ತಮ್ಮನ ಸಾವಿರದ ದಿನ ಮಾಡಿ ಮುಗಿಸುತ್ತೇನೆ ಎಂದು ಹೊರಟರು. ನಾನು ಹೋದರೆ ಅವನಿಗೆ ಮಾಡುವವರು ಯಾರು ಎಂಬುದು ಅವರ ಮಾತು. ಪ್ರಾರ್ಥನೆ ಹೇಳಿಸುವ ಹಿರಿಯರು ಪಾಕ್ ಕಸಾನ್, ಎಂಬತ್ತೊಂದು ವರ್ಷದವರು. ಪಾಕ್ ಎಂದರೆ ಅಪ್ಪ, ಹಿರಿಯರನ್ನು ಕರೆಯುವ ರೀತಿ. ಹಿಂದಿನ ಯಾವ ದಿನವನ್ನೂ ಮಾಡದೆ ನೇರವಾಗಿ ಸಾವಿರದ್ದನ್ನು ಮಾಡಬಹುದೇ ಎಂದು ಅವರು ಒಂದು ವಾರ ಯೋಚಿಸಿ, ಆಗಲಿ ಅಂದರು. ದೂರದ ನೆಂಟರಿಗೆ ತಿಳಿಯಲಿ ಎಂದು ಮಾರ್ಲೆನ್ ಸುರಿನಾಮಿನ ಜಾವಾದವರ ಒಂದು ಫೇಸ್‌ಬುಕ್ ಗುಂಪಿನಲ್ಲಿ ವಾಗಿಮನ್‌ನ ಫೋಟೋ, ಹೆಸರು, ಹುಟ್ಟಿದ ತೋಟ, ಊಟದ ದಿನ ಹಾಕಿದಳು. ಕೆಳಗೆ ಅಮ್ಮನ ಮನೆಯ ಫೋನ್ ನಂಬರು.

ಸೆಪ್ಟೆಂಬರಿನ ಆ ಶನಿವಾರ ನಾನು ಬೆಳಗ್ಗೆ ಎಂಟಕ್ಕೇ ಮೇಲೆ ಹೋದೆ. ಸತ್ತವರ ಊಟಕ್ಕೆ ಅಪೆಮ್ ಎಂಬ ಅಕ್ಕಿಯ ದೋಸೆಯಂಥದ್ದು ಕಡ್ಡಾಯ, ಕ್ಲೆಪೊನ್ ಅಲ್ಲ. ಆದರೆ ವಾಗಿಮನ್ ಚಿಕ್ಕಂದಿನಲ್ಲಿ ಅಮ್ಮನ ಬುಟ್ಟಿಯಿಂದ ಕ್ಲೆಪೊನ್ ಕದ್ದು ತಿಂದು ಒದೆ ತಿನ್ನುತ್ತಿದ್ದನಂತೆ. ಅದಕ್ಕೇ ಅದೂ ಇರಲಿ ಎಂದಿದ್ದರು ಟಾಂಟೆ. ನಾನು ಎಲ್ಲ ಅಡುಗೆಗೂ ಸೇರಿ ಇಪ್ಪತ್ತೆರಡು ಕಾಯಿ ಒಡೆದು ತುರಿದೆ. ಮಾರ್ಲೆನ್ ಬೆಲ್ಲ ಕೊಚ್ಚಿದಳು. ಟಾಂಟೆ ಹಸಿರು ಹಿಟ್ಟನ್ನು ಗುಂಡಗೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಬೆಲ್ಲ ಇಟ್ಟು, ಮುಚ್ಚಿ ಕುದಿಯುವ ನೀರಿಗೆ ಬಿಡುತ್ತಿದ್ದರು. ಬೆಂದ ಉಂಡೆ ತಾನಾಗಿ ಮೇಲೆ ತೇಲುತ್ತದೆ; ತೇಲಿದ ತಕ್ಷಣ ಎತ್ತಬೇಕು. ಅಡುಗೆಮನೆಯ ಶೆಲ್ಫಿನ ಮೇಲೆ ವಾಗಿಮನ್‌ನ ಫೋಟೋ, ಅದರ ಮುಂದೆ ಒಂದು ಲೋಟ ಕಪ್ಪು ಕಾಫಿ ಇಟ್ಟಿದ್ದರು. ಲಾರಿಗೆ ಒರಗಿ ನಿಂತ ತೆಳ್ಳನೆಯ ಯುವಕ, ಕಣ್ಣು ಕಿರಿದು ಮಾಡಿ ನಗುತ್ತಿದ್ದ.

ಎರಡು ಗಂಟೆಗೆ ಫೋನ್ ರಿಂಗಾಯಿತು. ಟಾಂಟೆಯ ಕೈ ತುಂಬ ಹಿಟ್ಟು. ನೀನೇ ತಗೊ ಎಂದು ಕಣ್ಣಲ್ಲೇ ಹೇಳಿದರು. ಬೆಳಗಿನಿಂದ ದಾರಿ ಕೇಳುವವರದ್ದೇ ಕರೆಗಳು ಬಂದಿದ್ದವು. ಇದೂ ಹಾಗೆಯೇ ಎಂದು ಎತ್ತಿದೆ. ವಯಸ್ಸಾದ ಗಂಡಸಿನ ದನಿ, ನಿಧಾನದ, ಹಳೆಯ ರೀತಿಯ ಡಚ್.

"ಸರಿಜೆಮ್ ಮನೆಯೇನಮ್ಮ ಇದು?"

"ಹೌದು. ಯಾರು ಮಾತಾಡ್ತಿರೋದು?"



"ವಾಗಿಮನ್."

ಅವರಲ್ಲಿ ಆ ಹೆಸರು ಅಪರೂಪವಲ್ಲ. ಯಾವ ವಾಗಿಮನ್, ಎಲ್ಲಿಂದ ಎಂದು ಕೇಳಿದೆ. ಫ್ರೆಂಚ್ ಗಯಾನಾದಿಂದ ಎಂದರು, ಸುರಿನಾಮಿನ ಪಕ್ಕದ ಸೀಮೆ. ಊಟಕ್ಕೆ ಬರುತ್ತೀರಾ ಎಂದು ನಾನು ಪೆದ್ದುಪೆದ್ದಾಗಿ ಕೇಳಿದೆ.

"ಇವತ್ತು ನೀವು ಯಾರಿಗೆ ಎಡೆ ಇಡ್ತಿದ್ದೀರೋ, ನಾನು ಅವನೇ," ಅಂದರು ಆತ.

ನನ್ನ ಕಣ್ಣು ಶೆಲ್ಫಿನ ಮೇಲಿನ ಫೋಟೋಗೆ ಹೋಯಿತು.  ನನ್ನ ಮುಖ ನೋಡಿ ಮಾರ್ಲೆನ್ ಚಾಕು ಕೆಳಗಿಟ್ಟು ಬಂದು ಫೋನ್ ತೆಗೆದುಕೊಂಡಳು. ಎರಡು ಮಾತು ಕೇಳಿ ಅಮ್ಮನ ಕಡೆ ತಿರುಗಿದಳು. ಟಾಂಟೆ ಹಿಟ್ಟಿನ ಕೈಯಲ್ಲೇ ಫೋನ್ ಕಿತ್ತುಕೊಂಡು ಜಾವಾ ಭಾಷೆಯಲ್ಲಿ ಏನೋ ಒಂದು ಪ್ರಶ್ನೆ ಕೇಳಿದರು. ಉತ್ತರ ಬಂತು. ಅವರ ಮುಖದ ಬಣ್ಣ ನಾನು ನೋಡನೋಡುತ್ತಲೇ ಇಳಿದುಹೋಯಿತು. ಅಮ್ಮ ನಿನ್ನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದಳು ಎಂದು ಕೇಳಿದರಂತೆ. ಕೊಡೋಕ್, ಎಂದರೆ ಕಪ್ಪೆ, ಎಂದು ಆತ ಹೇಳಿದರಂತೆ. ಆ ಹೆಸರನ್ನು ಬಲ್ಲವರು ಭೂಮಿಯ ಮೇಲೆ ಇನ್ನಾರೂ ಉಳಿದಿರಲಿಲ್ಲ.

ಮಾರ್ಲೆನ್ ಕುರ್ಚಿ ತಂದು ಅಮ್ಮನನ್ನು ಕೂರಿಸಿದಳು. ಆತ ಮಾತಾಡುತ್ತಲೇ ಹೋದರು. ಕಾಲು ಗಂಟೆಯಾಗಿರಬಹುದು. ಒಲೆಯ ಕಡೆ ಯಾರಿಗೂ ಗಮನವಿರಲಿಲ್ಲ. ಸುಟ್ಟ ಬೆಲ್ಲದ ವಾಸನೆ ಬಂದಾಗ ತಿರುಗಿ ನೋಡಿದರೆ ಪಾತ್ರೆಯಲ್ಲಿದ್ದ ಉಂಡೆಗಳೆಲ್ಲ ಬಿರಿದು, ನೀರು ಕಂದು ಬಣ್ಣವಾಗಿ ಉಕ್ಕುತ್ತಿತ್ತು. ಒಲೆ ಆರಿಸಿದೆ.  ಕೊನೆಗೆ ಟಾಂಟೆ ಒಂದೇ ಒಂದು ವಾಕ್ಯ ಹೇಳಿ ಫೋನ್ ಇಟ್ಟರು. ಅಮ್ಮ ಹೋಗಿ ಇಪ್ಪತ್ತು ವರ್ಷವಾಯಿತು ಎಂದಷ್ಟೇ ಹೇಳಿದ್ದು ಎಂದು ಮಾರ್ಲೆನ್ ಆಮೇಲೆ ತಿಳಿಸಿದಳು.

ಆತ ಹೇಳಿದ್ದನ್ನೂ ಅವಳೇ ನನಗೆ ಬಿಡಿಸಿ ಹೇಳಿದಳು. ರಸ್ತೆಯಲ್ಲಿ ಎರಡೂ ಕಡೆಯಿಂದ ಗುಂಡು ಹಾರಿದವು. ಪೈಮಿನ್‌ಗೆ ತಗುಲಿತು. ವಾಗಿಮನ್ ಬಾಗಿಲು ತೆಗೆದು ಕಾಡಿಗೆ ಓಡಿದರು. ಒಂದು ವಾರ ಅಲೆದು, ಹೊಳೆ ದಾಟುತ್ತಿದ್ದ ನಿರಾಶ್ರಿತರ ದೋಣಿ ಹತ್ತಿ ಆಚೆ ದಡ ಸೇರಿದರು. ಬರೆಯಬೇಕು ಅಂದುಕೊಂಡರು. ಆದರೆ ತಾನು ಬದುಕಿದ್ದೇನೆ ಎಂದು ಗೊತ್ತಾದರೆ ಪೈಮಿನ್‌ನ ತಾಯಿ ಕೇಳುವ ಮೊದಲ ಮಾತು ಏನಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ವರ್ಷ ಬರೆಯಲಿಲ್ಲ. ಮರುವರ್ಷ ನಾಚಿಕೆ. ಹತ್ತು ವರ್ಷವಾದ ಮೇಲೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಮದುವೆ, ಮೂರು ಮಕ್ಕಳು, ತರಕಾರಿ ತೋಟ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಫೋಟೋ ತೋರಿಸಿ, ಈ ಸತ್ತವರು ನಿಮ್ಮ ಹಾಗೇ ಇದ್ದಾರಲ್ಲ ತಾತ ಎಂದಳಂತೆ.

ನಾನು ಕೆಳಗೆ ಬಂದು ಇಮಾದ್‌ಗೆ ಹೇಳಿದೆ. ಅವನು ಮೊದಲು ನಂಬಲಿಲ್ಲ.

"Scam ಇರ್ಬೋದು ಕಣೆ ಜವೇರಿಯಾ. Facebookನಲ್ಲಿ number ಹಾಕಿದ್ರೆ ಹಿಂಗೇ ಆಗೋದು."

ಕಪ್ಪೆಯ ವಿಷಯ ಹೇಳಿದ ಮೇಲೆ ನಂಬಿದ. ಈಗ ಆ ಊಟ ಏನು ಮಾಡ್ತಾರೆ ಎಂದು ಕೇಳಿದ. ಅದು ನನಗೆ ಹೊಳೆದೇ ಇರಲಿಲ್ಲ. ನಾಲ್ಕು ಗಂಟೆಗೆ ನಲವತ್ತು ಜನ ಬರುವವರಿದ್ದರು.

ಬಂದರು. ಬಾಗಿಲಲ್ಲೇ ಮಾರ್ಲೆನ್ ಒಬ್ಬೊಬ್ಬರಿಗೂ ಸಣ್ಣ ದನಿಯಲ್ಲಿ ವಿಷಯ ಹೇಳಿ ಒಳಗೆ ಬಿಡುತ್ತಿದ್ದಳು. ಸಂತೋಷದ ಸುದ್ದಿಯೆಂದು ಯಾರೂ ನಗಲಿಲ್ಲ. ಕೋಟು ಬಿಚ್ಚುವುದನ್ನೂ ಮರೆತು ಚಾಪೆಯ ಮೇಲೆ ಕುಳಿತರು. ಅವರಲ್ಲಿ ಹೋಗೆಜಾಂಡಿನಿಂದ ಬಂದ ಸುಕಿನೆಮ್ ಎಂಬ ಎಪ್ಪತ್ತರ ಹೆಂಗಸೂ ಇದ್ದರು. ಅವರು ಪೈಮಿನ್‌ನ ತಂಗಿ. ವಾಗಿಮನ್ ಅಣ್ಣನ ಜೊತೆಯಲ್ಲೇ ಸತ್ತ ಎಂದು ಮೂವತ್ತೇಳು ವರ್ಷ ನಂಬಿದವರು, ಅದಕ್ಕಾಗಿಯೇ ಈ ಊಟಕ್ಕೆ ಬಂದವರು. ಅವರಿಗೆ ವಿಷಯ ಹೇಳುವಾಗ ಮಾರ್ಲೆನ್ ಅವರ ಎರಡೂ ಕೈ ಹಿಡಿದುಕೊಂಡಿದ್ದಳು. ಸುಕಿನೆಮ್ ಪೂರ್ತಿ ಕೇಳಿಸಿಕೊಂಡು ನೇರವಾಗಿ ಟಾಂಟೆಯ ಮುಂದೆ ಬಂದು ನಿಂತರು.

"ಅವನು ಓಡುವಾಗ ನಮ್ಮಣ್ಣನಿಗೆ ಉಸಿರಿತ್ತಾ?"

ಡಚ್ಚಿನಲ್ಲೇ ಕೇಳಿದ್ದರಿಂದ ನನಗೂ ಅರ್ಥವಾಯಿತು.  ಅದನ್ನು ನಾನು ಕೇಳಲಿಲ್ಲ ಎಂದರು ಟಾಂಟೆ. ಸುಕಿನೆಮ್ ಹೊರಟುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಗೋಡೆಯ ಪಕ್ಕ ಒಬ್ಬರೇ ಕುಳಿತರು.

ಪಾಕ್ ಕಸಾನ್ ಗಂಟಲು ಸರಿಮಾಡಿಕೊಂಡು, ಯಾರ ಹೆಸರು ಹೇಳಲಿ ಎಂದು ಕೇಳಿದರು. ಬದುಕಿರುವವನಿಗೆ ಸತ್ತವರ ಪ್ರಾರ್ಥನೆ ಹೇಳಲು ತನ್ನಿಂದಾಗದು, ಜನರನ್ನು ಹಸಿದು ಕಳಿಸಲೂ ಆಗದು ಎಂದರು. ಟಾಂಟೆ ಎದ್ದು ಅಡುಗೆಮನೆಗೆ ಹೋದರು. ಫೋಟೋ ತೆಗೆದು ಡ್ರಾಯರಿನೊಳಗೆ ಹಾಕಿ, ಕಾಫಿಯನ್ನು ಸಿಂಕಿಗೆ ಚೆಲ್ಲಿ, ಲೋಟ ತೊಳೆದಿಟ್ಟು ಬಂದರು.

"ನಮ್ಮಮ್ಮನ ಹೆಸರು ಹೇಳಿ. ಕಾದು ಕಾದು ಸತ್ತವಳು ಅವಳು. ಆಮೇಲೆ ಪೈಮಿನ್ ಹೆಸರು ಹೇಳಿ," ಅಂದರು.

ಹಾಗೆಯೇ ಆಯಿತು. ಪ್ರಾರ್ಥನೆ ಮುಗಿದ ಮೇಲೆ ಪದ್ಧತಿಯಂತೆ ಎಲ್ಲರಿಗೂ ಅನ್ನ, ಕೋಳಿ, ಅಪೆಮ್, ಕ್ಲೆಪೊನ್ ತುಂಬಿದ ಡಬ್ಬಿ ಕೊಟ್ಟೆವು. ಸುಕಿನೆಮ್ ಡಬ್ಬಿ ತೆಗೆದುಕೊಂಡರು. ಬಾಗಿಲ ಬಳಿ ಅದನ್ನು ಎದೆಗೆ ಒತ್ತಿ ಹಿಡಿದು ಅಳತೊಡಗಿದರು. ಟಾಂಟೆ ಅಳಲಿಲ್ಲ. ಒಂದು ಉಂಡೆಯನ್ನೂ ಬಾಯಿಗೆ ಹಾಕಲಿಲ್ಲ.

ಮುಂದಿನ ದಿನಗಳಲ್ಲಿ ನನಗೆ ಇನ್ನೂ ದಿಗಿಲಾದದ್ದು ಟಾಂಟೆಯನ್ನು ನೋಡಿ. ತಮ್ಮ ಸಿಕ್ಕ ಎಂದು ಕುಣಿದಾಡುತ್ತಾರೆ, ವಿಮಾನ ಹತ್ತುತ್ತಾರೆ ಅಂದುಕೊಂಡಿದ್ದೆ. ಅವರು ಫೋನನ್ನೇ ಎತ್ತಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಮೇಲಿನ ಮನೆಯಲ್ಲಿ ಫೋನಿನ ಗಂಟೆ ಹೊಡೆಯುವುದು ನಮ್ಮ ಚಾವಣಿಯ ಮೂಲಕ ಕೇಳುತ್ತಿತ್ತು. ಹದಿನೈದು, ಇಪ್ಪತ್ತು ಸಲ ಹೊಡೆದು ನಿಲ್ಲುತ್ತಿತ್ತು. ನಾನೂ ಇಮಾದ್‌ನೂ ಊಟದ ತಟ್ಟೆಯ ಮೇಲೆ ಕೈ ತಡೆದು ಕಾಯುತ್ತಿದ್ದೆವು. ಕ್ಲೆಪೊನ್ ಕೇಳಿಕೊಂಡು ಬಂದವರನ್ನು ಟಾಂಟೆ ಟೋಕೊಗೆ ಕಳಿಸಿದರು. ಎರಡು ತಿಂಗಳು ತೆಂಗಿನಕಾಯಿಗೆ ನನ್ನನ್ನು ಕರೆಯಲಿಲ್ಲ.

ನವೆಂಬರಿನಲ್ಲಿ ಒಂದು ದಿನ ಬಟ್ಟೆ ಮಡಿಸಲು ನೆರವಾಗುತ್ತಿದ್ದಾಗ ಅವರೇ ಮಾತು ತೆಗೆದರು. ಸತ್ತ ತಮ್ಮನ ಜೊತೆ ತಾನು ದಿನವೂ ಮಾತಾಡುತ್ತಿದ್ದೆ, ಅವನು ಒಳ್ಳೆಯವನಾಗಿದ್ದ ಎಂದರು. ಹೊದಿಕೆಯ ಎರಡು ಮೂಲೆಗಳನ್ನು ನನ್ನ ಕೈಗೆ ಕೊಟ್ಟು, ಉಳಿದೆರಡನ್ನು ತಾವು ಹಿಡಿದರು.

"ಫೋನಿನಲ್ಲಿರೋನು ಯಾರು ಅಂತ ನಂಗೊತ್ತಿಲ್ಲ ಜವೇರಿಯಾ. ಅಮ್ಮ ಬಾಗಿಲು ನೋಡ್ತಾ ಕೂತಿದ್ದಾಗ ಇವನು ಅಲ್ಲಿ ಟೊಮೇಟೊ ಕೀಳ್ತಿದ್ದ."

ಮುಂದಿನ ಭಾನುವಾರ ಅವರು ಫೋನ್ ಎತ್ತಿದರು. ಹೇಳಿದ್ದು ಇಷ್ಟೇ: ಮೊದಲು ಸುಕಿನೆಮ್‌ಗೆ ಫೋನ್ ಮಾಡು, ಅವಳು ಕೇಳಿದ್ದಕ್ಕೆ ಉತ್ತರ ಕೊಡು, ಆಮೇಲೆ ನನಗೆ. ನಂಬರನ್ನು ಎರಡು ಸಲ ಹೇಳಿ ಇಟ್ಟರು. ಅದಾದ ಮೇಲೆ ಭಾನುವಾರದ ಗಂಟೆ ನಿಂತಿತು. ಡಿಸೆಂಬರ್ ಪೂರ್ತಿ ನಿಶ್ಶಬ್ದ. ಆತ ಮತ್ತೆ ಓಡಿಹೋದರು ಎಂದೇ ನಾವು ಅಂದುಕೊಂಡೆವು. ಟಾಂಟೆಯೂ ಹಾಗೆಂದುಕೊಂಡಿದ್ದರು ಎಂದು ಕಾಣುತ್ತದೆ. ಹೃದಯದ ಮಾತ್ರೆಯನ್ನು ನೆನಪಿಸಿದರೆ ಸಿಡುಕುತ್ತಿದ್ದರು.

ಜನವರಿಯ ಎರಡನೇ ವಾರ ಸುಕಿನೆಮ್ ರೈಲಿನಲ್ಲಿ ಬಂದರು, ಫೋನ್ ಮಾಡದೆ. ನಾನು ಮೇಲೆಯೇ ಇದ್ದೆ, ಎದ್ದು ಹೊರಟವಳನ್ನು ಕೂರು ಎಂದರು. ವಾಗಿಮನ್ ಕರೆ ಮಾಡಿದ್ದರು. ಉಸಿರಿತ್ತು ಎಂದರಂತೆ. ಗೆಳೆಯನ ಹೆಸರು ಹಿಡಿದು ಪೈಮಿನ್ ಕೂಗುತ್ತಿದ್ದನಂತೆ, ಓಡುವಾಗ ಮರಗಳ ನಡುವೆ ಕೇಳುತ್ತಿತ್ತಂತೆ, ಒಂದೆಡೆ ನಿಂತು ತಿರುಗಿ ಹೋಗಬೇಕೆನ್ನುವಷ್ಟರಲ್ಲಿ ಆ ಕೂಗು ನಿಂತಿತಂತೆ. ಇದನ್ನು ಹೇಳುವಾಗ ಸುಕಿನೆಮ್ ಮುಖದಲ್ಲಿ ಏನೂ ಕಾಣಲಿಲ್ಲ. ಫೋನ್ ಇಟ್ಟುಬಿಟ್ಟೆ, ಐದು ದಿನ ನಿದ್ದೆ ಬರಲಿಲ್ಲ ಎಂದರು.

ಟಾಂಟೆ ಅವರ ಕಾಲ ಬಳಿ ನೆಲದ ಮೇಲೆ ಕುಳಿತುಬಿಟ್ಟರು, ಎಪ್ಪತ್ತನಾಲ್ಕರ ಹೆಂಗಸು, ಮೊಣಕಾಲು ಊರಿ. ತಮ್ಮನ ಪರವಾಗಿ ಕ್ಷಮೆ ಕೇಳುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಸುಕಿನೆಮ್ ಅವರ ಭುಜ ಹಿಡಿದೆತ್ತಿದರು.

"ಅವನು ಬಂದರೆ ನಾನು ನೋಡಲ್ಲ. ಅದು ನನ್ನಿಂದಾಗಲ್ಲ," ಅಂದರು. "ಆದರೆ ನೀನು ನೋಡು. ನಿನಗೊಬ್ಬ ಇದ್ದಾನೆ."

ಮೇ ತಿಂಗಳಲ್ಲಿ ವಾಗಿಮನ್ ಬಂದರು. ಮಾರ್ಲೆನ್‌ಗೆ ರಜೆ ಸಿಗಲಿಲ್ಲ, ಟಾಂಟೆಯ ಜೊತೆ ನಾನು ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಹೋದೆ. ರೈಲಿನಲ್ಲಿ ಎರಡೂಕಾಲು ಗಂಟೆ ಅವರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಪ್ಯಾರಿಸ್ ವಿಮಾನದ ಜನ ಹೊರಬರುತ್ತಿದ್ದರು. ಕಂದು ಜಾಕೆಟ್ಟಿನ ಒಬ್ಬ ಮುದುಕ ನಮ್ಮ ಮುಂದೆಯೇ ಹಾದುಹೋದರು. ಟಾಂಟೆ ಗುರುತಿಸಲಿಲ್ಲ, ಅವರೂ ಗುರುತಿಸಲಿಲ್ಲ. ಟಾಂಟೆಯದೇ ನಡಿಗೆ ಎಂದು ಕಂಡು ನಾನೇ ಹೆಸರು ಹಿಡಿದು ಕೂಗಿದೆ. ತಿರುಗಿದರು. ಕಣ್ಣು ಕಿರಿದು ಮಾಡಿದಾಗ ಫೋಟೋದ ಹುಡುಗ ಅಲ್ಲಿ ಕಂಡ. ವಾಗಿಮನ್ ಚೀಲ ಕೆಳಗಿಟ್ಟು, ಓಡಾಡುವ ಜನರ ಮಧ್ಯೆ ಅಕ್ಕನ ಮುಂದೆ ಮಂಡಿಯೂರಿ, ಅವರ ಮೊಣಕಾಲಿಗೆ ಹಣೆ ಇಟ್ಟರು. ಟಾಂಟೆಯ ಎರಡೂ ಕೈ ಗಾಳಿಯಲ್ಲೇ ನಿಂತಿದ್ದವು. ಅದೆಷ್ಟೋ ಹೊತ್ತಿನ ಮೇಲೆ ಒಂದು ಕೈ ಅವರ ತಲೆಯ ಮೇಲೆ ಇಳಿಯಿತು.

ಸ್ಟೇಷನ್ನಿನಲ್ಲಿ ಟೀ ಕುಡಿಯುವಾಗ ವಾಗಿಮನ್ ಜೇಬಿನಿಂದ ಚಿಲ್ಲರೆ ತೆಗೆದು ಕೊಟ್ಟರು. ಎಲ್ಲವೂ ಯೂರೋ ನಾಣ್ಯಗಳು. ಆಗ ನನಗೆ ಹೊಳೆಯಿತು: ಆ ಸೀಮೆ ಫ್ರಾನ್ಸಿಗೆ ಸೇರಿದ್ದು. ಕೇಳಿದೆ. 1999ರಲ್ಲೇ ಫ್ರೆಂಚ್ ಪಾಸ್‌ಪೋರ್ಟ್ ಆಯಿತು ಎಂದರು ತಲೆ ತಗ್ಗಿಸಿ. ಇಲ್ಲಿರಲು ಬೇಕಾದ ಪರ್ಮಿಟ್ಟಿನ ಕಾಗದಗಳನ್ನು ವರ್ಷಕ್ಕೊಮ್ಮೆ ನೂರು ಸಲ ತಿರುವಿ ನೋಡುವ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ತಾಯಿ ಬದುಕಿದ್ದ ಆ ಐದು ವರ್ಷ ಇಲ್ಲಿಗೆ ಬರಲು ಅವರಿಗೆ ವೀಸಾ ಕೂಡ ಬೇಕಿರಲಿಲ್ಲ. ಟಾಂಟೆಗೂ ಕೇಳಿಸಿತು. ಟೀ ಲೋಟವನ್ನು ಮೇಜಿನ ಮೇಲಿಟ್ಟು, ಮನೆಗೆ ಆಮೇಲೆ, ಮೊದಲು ಅಮ್ಮನ ಹತ್ತಿರ ಎಂದರು.

ಗ್ರೋನಿಂಗನ್ನಿನ ಸ್ಮಶಾನದಲ್ಲಿ ನಾನು ಗೇಟಿನ ಬಳಿಯೇ ನಿಂತೆ. ದೂರದಿಂದ ಕಂಡದ್ದು ಇಷ್ಟು: ಟಾಂಟೆ ಗೋರಿ ತೋರಿಸಿ ನಾಲ್ಕು ಹೆಜ್ಜೆ ಹಿಂದೆ ಬಂದು ಬೆಂಚಿನ ಮೇಲೆ ಕುಳಿತರು. ವಾಗಿಮನ್ ನಿಂತಿದ್ದರು, ಆಮೇಲೆ ಕುಳಿತರು, ಆಮೇಲೆ ಹುಲ್ಲಿನ ಮೇಲೆ ಬೋರಲು ಮಲಗಿದರು. ಟಾಂಟೆ ಎಬ್ಬಿಸಲು ಹೋಗಲಿಲ್ಲ. ಒಂದು ಗಂಟೆ ಹಾಗೇ ಬಿಟ್ಟರು.

ಮೂರು ವಾರ ಇದ್ದು ಅವರು ಹಿಂತಿರುಗಿದರು. ಸುಕಿನೆಮ್ ಮಾತಿನಂತೆ ನೋಡಲು ಬರಲಿಲ್ಲ. ವಾಗಿಮನ್ ಹೋಗೆಜಾಂಡಿಗೆ ಹೋಗಿ ಅವರ ಮನೆಯ ಎದುರಿನ ಬಸ್ ಸ್ಟಾಪಿನಲ್ಲಿ ಒಂದು ದಿನ ಬೆಳಗ್ಗೆ ಹನ್ನೊಂದರವರೆಗೆ ಕುಳಿತು ವಾಪಸು ಬಂದರು. ಕಿಟಕಿಯ ಪರದೆ ಅಲುಗಿತು ಎಂದರು, ಅಷ್ಟೇ.

ಜುಲೈನಲ್ಲಿ ಟಾಂಟೆಯ ಕವಾಟದ ಆಪರೇಷನ್ ಚೆನ್ನಾಗಿ ಆಯಿತು. ಈಗ ಭಾನುವಾರ ಮಧ್ಯಾಹ್ನ ಎರಡಕ್ಕೆ ಫೋನ್ ಬಂದರೆ ಮೊದಲ ಸದ್ದಿಗೇ ಎತ್ತುತ್ತಾರೆ. ಜಾವಾ ಭಾಷೆ ನನಗೆ ಬಾರದಿದ್ದರೂ ಚಾವಣಿಯ ಮೂಲಕ ಇಳಿದುಬರುವುದು ಜಗಳ ಎಂದು ಗೊತ್ತಾಗುತ್ತದೆ. ಅಪ್ಪನ ಬಳಿ ಇದ್ದದ್ದು ಕೆಂಪು ಸೈಕಲ್ಲೋ ಕಪ್ಪೋ, ಅಮ್ಮ ಹುಟ್ಟಿದ್ದು ಯಾವ ವರ್ಷ, ತೋಟದ ಬಾವಿ ಮನೆಯ ಎಡಕ್ಕಿತ್ತೋ ಬಲಕ್ಕೋ. ಒಂದೊಂದು ಸಲ ಟಾಂಟೆ ಸಿಟ್ಟಿನಿಂದ ಫೋನ್ ಕುಕ್ಕುತ್ತಾರೆ. ಐದು ನಿಮಿಷದಲ್ಲಿ ಅವರೇ ತಿರುಗಿ ಫೋನ್ ಮಾಡುತ್ತಾರೆ.